ನರ್ಸಬಾಯಿ ಯಶೋಧಾ ಓದಲು ಹೋದದ್ದು

ಯಶೋಧಾ ರಜೆಯ ಅರ್ಜಿ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತದ್ದು ೧೯೯೮ರ ಮಾರ್ಚ್ ತಿಂಗಳಲ್ಲಿ. ಆಗ ನಾನು ಆರೋಗ್ಯ ಇಲಾಖೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ, ಸವದತ್ತಿಯಲ್ಲಿ ಮನೆ ಮಾಡಿದ್ದೆ. ಹಳ್ಳಿಗಳಲ್ಲಿದ್ದ ನರ್ಸುಗಳ ರಜೆ, ವರ್ಗ, ಬಡ್ತಿಯ ಫೈಲುಗಳೆಲ್ಲ ನನ್ನ ಕೈ ದಾಟಿಯೇ ಹೋಗಬೇಕಿತ್ತು. ಎರಡು ವರ್ಷ ಸಂಬಳವಿಲ್ಲದ ರಜೆ ಬೇಕೆಂದು ಆಕೆ ಬರೆದಿದ್ದಳು. ಕಾರಣ ಎಂಬಲ್ಲಿ, ಮಂಗಳೂರಿನಲ್ಲಿ ಸಮಾಜಕಾರ್ಯದ ಎಂ.ಎ. ಓದಲು ಎಂದಿತ್ತು. ನಾನು ಅರ್ಜಿಯನ್ನು ಎರಡು ಸಲ ಓದಿ ವಯಸ್ಸು ಎಷ್ಟು ಎಂದು ಕೇಳಿದೆ. ನಲವತ್ತು ಎಂದಳು.

ಆಕೆ ರಾಮದುರ್ಗ ತಾಲೂಕಿನ ಸಾಲಹಳ್ಳಿಯವಳು. ತಂದೆ ಹನುಮಪ್ಪ ಹರೆಯದಲ್ಲಿ ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿ ದುಡಿಯಲು ಹೋದವನು, ೧೯೫೬ರಲ್ಲಿ ಅಲ್ಲಿಯ ಗೆಳೆಯರ ಜೊತೆ ಬೌದ್ಧನಾಗಿ ಊರಿಗೆ ಮರಳಿದ. ಎರಡು ವರ್ಷದ ಮೇಲೆ ಹುಟ್ಟಿದ ಮಗಳಿಗೆ ಬುದ್ಧನ ಹೆಂಡತಿಯ ಹೆಸರಿಟ್ಟ, ಜನರ ಬಾಯಲ್ಲಿ ಅದು ಮೊಟಕಾಗಿ ಯಶೋಧಾ ಆಯಿತು. ಊರವರ ಪಾಲಿಗೆ ಕೇರಿ ಕೇರಿಯೇ ಆಗಿತ್ತು, ಹೆಸರಷ್ಟೇ ಹೊಸದು. ಹದಿನಾರಕ್ಕೆ ಮದುವೆಯಾಯಿತು. ಹದಿನೆಂಟಕ್ಕೆ ಮೊದಲ ಕೂಸು ಹುಟ್ಟುವಾಗಲೇ ಹೋಯಿತು. ಮತ್ತೆ ಮಕ್ಕಳಾಗುವುದಿಲ್ಲವೆಂದು ತಿಳಿದ ಮೇಲೆ ಗಂಡ ಇನ್ನೊಬ್ಬಳನ್ನು ಮಾಡಿಕೊಂಡ. ಯಶೋಧಾ ತವರಿಗೆ ಬಂದು, ಬಿಟ್ಟಿದ್ದ ಸಾಲೆ ಮುಗಿಸಿ, ನರ್ಸ್ ತರಬೇತಿಗೆ ಸೇರಿದಳು. ಅಂದಿನಿಂದ ಸವದತ್ತಿ ತಾಲೂಕಿನ ಹಳ್ಳಿಗಳಲ್ಲೇ ಇದ್ದಳು. ನಾನು ಹೇಳುವ ಕಾಲಕ್ಕೆ ಸಿರಸಂಗಿ ಕಡೆಯ ಒಂದು ಉಪಕೇಂದ್ರದಲ್ಲಿ ಎಂಟು ವರ್ಷದಿಂದ ಇದ್ದಳು. ತಂದೆ ತೀರಿಕೊಂಡ ಮೇಲೆ ತಾಯಿ ಸೀತವ್ವ ಆಕೆಯ ಜೊತೆಗೇ ಇದ್ದಳು. ನಡುವೆ ಆಕೆ ಅಂಚೆಯ ಮೂಲಕ ಬಿ.ಎ. ಮಾಡಿಕೊಂಡದ್ದು ನಮ್ಮ ಕಚೇರಿಯಲ್ಲಿ ಬಹಳ ಮಂದಿಗೆ ಗೊತ್ತೇ ಇರಲಿಲ್ಲ.

ಈ ವಯಸ್ಸಿನಲ್ಲಿ, ಅಷ್ಟು ದೂರ, ಯಾತಕ್ಕೆ ಎಂದು ನಾನು ಕೇಳಿದೆ. ಹಿಂದಿನ ತಿಂಗಳು ಬೆಳಗಾವಿಯಲ್ಲಿ ನಡೆದ ಒಂದು ತರಬೇತಿಯ ಮಾತು ತೆಗೆದಳು. ಹಳ್ಳಿಯ ಹೆಂಗಸರ ಜೊತೆ ಹೇಗೆ ಮಾತಾಡಬೇಕು ಎಂದು ಹೇಳಿಕೊಡಲು ಇಪ್ಪತ್ತನಾಲ್ಕು ವರ್ಷದ ಹುಡುಗಿಯೊಬ್ಬಳು ಬಂದಿದ್ದಳಂತೆ.

"ಆಕಿ ಹೇಳಿದ್ದೆಲ್ಲಾ ನನಗ ಗೊತ್ತಿತ್ರಿ, ಗಂಗಯ್ಯನವರ" ಎಂದಳು. "ಕೆಲವೊಂದು ಆಕಿ ತಪ್ಪು ಹೇಳಿದ್ಲು. ಆದ್ರ ಆಕಿ ಹೇಳಿದ್ದನ್ನ ಎಲ್ಲಾರೂ ಬರ್ಕೊಂಡ್ರು. ನಾ ಇಪ್ಪತ್ತು ವರ್ಷ ಆತು ಹೇಳಾಕ ಹತ್ತಿ, ಒಬ್ರೂ ಬರ್ಕೊಂಡಿಲ್ಲ."

ಊಟದ ಹೊತ್ತಿನಲ್ಲಿ ಆ ಹುಡುಗಿಯನ್ನೇ ಕೇಳಿ, ಆಕೆ ಓದಿದ್ದು ಏನು, ಎಲ್ಲಿ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದಳು. ನಮ್ಮ ಕಚೇರಿಯ ಆಗಿನ ಸಾಹೇಬರು ಅರ್ಜಿ ನೋಡಿ ನಕ್ಕರು. ಮುದುಕಿಯಾಗುವ ವಯಸ್ಸಿನಲ್ಲಿ ಪಾಟಿಚೀಲ ಹಿಡಿಯುತ್ತಾಳಂತೆ ಎಂದು ಕಾಂಪೌಂಡರನನ್ನು ಕರೆದು ತೋರಿಸಿದರು. ನಾನೂ ನಕ್ಕೆ. ಆದರೆ ನಿಯಮದಲ್ಲಿ ಅಡ್ಡಿಯಿರಲಿಲ್ಲ. ನಾಲ್ಕು ತಿಂಗಳು ಓಡಾಡಿದ ಮೇಲೆ ರಜೆ ಮಂಜೂರಾಯಿತು. ಸೀತವ್ವನನ್ನು ಸಾಲಹಳ್ಳಿಯಲ್ಲಿ ಆಕೆಯ ತಂಗಿಯ ಮನೆಯಲ್ಲಿ ಬಿಟ್ಟು, ಟ್ರಂಕು ಮತ್ತು ಒಂದು ಗಂಟು ರೊಟ್ಟಿ ಹೊತ್ತುಕೊಂಡು ಯಶೋಧಾ ಹುಬ್ಬಳ್ಳಿಯಿಂದ ಮಂಗಳೂರಿನ ಬಸ್ಸು ಹತ್ತಿದಳು.

ಮುಂದಿನದರಲ್ಲಿ ಕೆಲವನ್ನು ಆಕೆ ನನಗೆ ಬರೆದ ಪತ್ರಗಳಿಂದ ತಿಳಿದೆ. ರಜೆಯ ಕಾಗದಗಳ ವಿಷಯಕ್ಕೆ ಬರೆಯುತ್ತಿದ್ದಳು, ಕೊನೆಗೆ ಅಲ್ಲಿಯ ಸುದ್ದಿ ನಾಲ್ಕು ಸಾಲು ಇರುತ್ತಿತ್ತು. ಉಳಿದದ್ದನ್ನು ವರ್ಷಗಳ ಮೇಲೆ ಆಕೆಯ ಬಾಯಿಂದಲೇ ಕೇಳಿದೆ.

ಹಾಸ್ಟೆಲಿನ ಬಾಗಿಲಲ್ಲೇ ವಾರ್ಡನ್ ತಡೆದರು. ತಾಯಂದಿರು ಹೊರಗಿನ ಕೋಣೆಯಲ್ಲಿ ಕಾಯಬೇಕು, ನಿಮ್ಮ ಮಗಳ ಹೆಸರೇನು ಎಂದು ಕೇಳಿದರು. ಆಕೆ ಪ್ರವೇಶದ ಚೀಟಿ ತೋರಿಸಬೇಕಾಯಿತು. ತರಗತಿಯಲ್ಲಿ ಮೊದಲ ದಿನ ಹೆಸರು ಊರು ಹೇಳಲು ಎದ್ದು ನಿಂತು "ನಮ್ಮೂರು ರಾಮದುರ್ಗದ ಹತ್ರ ಐತ್ರಿ" ಎಂದಾಗ ಹಿಂದಿನ ಸಾಲಿನಲ್ಲಿ ನಗೆ ಎದ್ದಿತು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಕೇಳಿಸಿದ ಶಬ್ದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕೋಣೆಗೆ ಬಂದು ನಿಘಂಟಿನಲ್ಲಿ ಹುಡುಕುತ್ತಿದ್ದಳು. ತಪ್ಪಾಗಿ ಕೇಳಿಸಿಕೊಂಡ ಶಬ್ದ ನಿಘಂಟಿನಲ್ಲಿ ಎಲ್ಲಿಂದ ಸಿಗಬೇಕು? ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದಿತ್ತು, ಪುಸ್ತಕಗಳು ಮಾತ್ರ ಕನ್ನಡದಲ್ಲಿ ಇರಲಿಲ್ಲ. ಕುಚ್ಚಲಕ್ಕಿ ಅನ್ನ ಹೊಟ್ಟೆಗೆ ಒಗ್ಗಲಿಲ್ಲ. ಬಟ್ಟೆ ಒಣಗುವುದೇ ಇಲ್ಲ, ಒದ್ದೆ ಸೀರೆ ಉಟ್ಟುಕೊಂಡೇ ಪಾಠಕ್ಕೆ ಹೋಗುತ್ತೇನೆ ಎಂದು ಒಂದು ಪತ್ರದಲ್ಲಿ ಬರೆದಿದ್ದಳು.

ಆಕೆಯ ಕೋಣೆಗೆ ಸಿಕ್ಕ ಹುಡುಗಿ ಬೈಲಹೊಂಗಲದವಳು. ಹೆಸರು ಅನ್ನಪೂರ್ಣಾ, ಬಟ್ಟೆ ಅಂಗಡಿಯ ಮಡಿವಾಳೆಪ್ಪನವರ ಮಗಳು, ಇಪ್ಪತ್ತೊಂದು ವರ್ಷ. ಅಷ್ಟು ದೂರದಲ್ಲಿ ತಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ಇಬ್ಬರಿಗೂ ಸಾಕಾಯಿತು. ಹುಡುಗಿ ಮೊದಲ ದಿನದಿಂದಲೇ ಅಕ್ಕಾ ಎಂದಳು. ಇಂಗ್ಲಿಷ್ ಪುಸ್ತಕಗಳನ್ನು ಅನ್ನಪೂರ್ಣಾ ಬಿಡಿಸಿ ಹೇಳುತ್ತಿದ್ದಳು. ವಾರಕ್ಕೆರಡು ದಿನ ಮೀನುಗಾರರ ಕೇರಿಗೆ ಕೆಲಸ ಕಲಿಯಲು ಹೋಗಬೇಕಿತ್ತು. ಅಲ್ಲಿ ಬಾಗಿಲಲ್ಲಿ ನಿಂತು ಬೆವರುತ್ತಿದ್ದ ಹುಡುಗಿಗೆ ಒಳಗೆ ಹೋಗಿ ಕೂಡುವುದನ್ನು, ಮೊದಲು ಕೂಸನ್ನು ಎತ್ತಿಕೊಳ್ಳುವುದನ್ನು ಯಶೋಧಾ ಕಲಿಸಿದಳು. ತುಳು ಬಾರದಿದ್ದರೂ ಆ ಹೆಂಗಸರು ಈಕೆಯ ಮುಂದೆ ಬಾಯಿ ಬಿಡುತ್ತಿದ್ದರು. ಆ ಕೇರಿಯ ಬಾಣಂತಿಯರ ಬಗ್ಗೆ ಯಶೋಧಾ ಕನ್ನಡದಲ್ಲಿ ಬರೆದ ವರದಿಯನ್ನು ಮೇಷ್ಟ್ರು ಇಡೀ ತರಗತಿಗೆ ಓದಿ ಹೇಳಿದರಂತೆ. ಹುಡುಗರು ಬರೆದುಕೊಂಡರು, ಇನ್ನು ಏನಾದರೂ ಆಗಲಿ ಎಂದು ನನಗೆ ಬರೆದಿದ್ದಳು. ಮೊದಲ ವರ್ಷ ಅಂಚಿನಲ್ಲಿ ಪಾಸಾದಳು.

ಎರಡನೆಯ ವರ್ಷದ ಶ್ರಾವಣದಲ್ಲಿ ಅನ್ನಪೂರ್ಣಾಳ ತಾಯಿ ತಂದೆ ಧರ್ಮಸ್ಥಳಕ್ಕೆ ಹೋಗುವ ದಾರಿಯಲ್ಲಿ ಮಗಳನ್ನು ನೋಡಲು ಬಂದರು. ತಾಯಿ ಸಿದ್ದಲಿಂಗವ್ವ ಡಬ್ಬಿ ತುಂಬ ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ ತಂದಿದ್ದಳು. ಗಂಡಸರಿಗೆ ಪ್ರವೇಶವಿಲ್ಲದ್ದರಿಂದ ತಂದೆ ಹೊರಗೇ ಉಳಿದರು, ಕೋಣೆಯಲ್ಲಿ ಹೆಂಗಸರು ಮೂವರೂ ನೆಲದ ಮೇಲೆ ಕೂತು ಉಂಡರು. ನನ್ನ ಮಗಳಿಗೆ ಹಿರಿಯಕ್ಕನ ಹಾಗೆ ಸಿಕ್ಕಿರಿ ಎಂದು ಸಿದ್ದಲಿಂಗವ್ವ ತಾನೇ ಯಶೋಧಾಳ ತಾಟಿಗೆ ಎರಡನೆಯ ಹೋಳಿಗೆ ಹಾಕಿದಳು. ಆಮೇಲೆ ಮಾತಿಗೆ ಮಾತು ಬಂದು, ಸಾಲಹಳ್ಳಿಯಲ್ಲಿ ನಮ್ಮ ಬೀಗರಿದ್ದಾರೆ, ನಿಮ್ಮದು ಯಾವ ಮನೆತನ ಎಂದು ಕೇಳಿದಳು. ಯಶೋಧಾ ಇದ್ದದ್ದನ್ನು ಹೇಳಿದಳು. ಸಿದ್ದಲಿಂಗವ್ವ, ಹೌದೇನ್ರಿ ಎಂದಳು, ಅಷ್ಟೇ. ಕೈ ತೊಳೆಯಲು ಹೋದವಳು ಬಹಳ ಹೊತ್ತು ಬರಲಿಲ್ಲ. ಹೋಗುವಾಗ ಡಬ್ಬಿ ಅಲ್ಲಿಯೇ ಬಿಟ್ಟುಹೋದಳು, ಅನ್ನಪೂರ್ಣಾ ಅದನ್ನು ಮುಟ್ಟಲಿಲ್ಲ.

ಮರುದಿನ ಮಧ್ಯಾಹ್ನ ಯಶೋಧಾ ಪಾಠ ಮುಗಿಸಿ ಬಂದಾಗ ಎದುರಿನ ಮಂಚದ ಮೇಲೆ ಹಾಸಿಗೆ ಇರಲಿಲ್ಲ. ಹುಡುಗಿ ಮೇಲಿನ ಮಹಡಿಯ ಕೋಣೆಗೆ ಸಾಮಾನು ಸಾಗಿಸಿದ್ದಳು. ಉಳಿದಿದ್ದ ಚಪ್ಪಲಿ ತೆಗೆದುಕೊಳ್ಳಲು ಬಂದಾಗ ತಲೆ ತಗ್ಗಿಸಿಕೊಂಡೇ, ಅವ್ವ ಹಳೇ ಕಾಲದವಳು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಯಶೋಧಾ ಹೂಂ ಎಂದಳು. ಅಂದಿನಿಂದ ಇಬ್ಬರ ಮಾತು ನಿಂತಿತು. ಊಟದ ಮನೆಯಲ್ಲಿ ಎದುರು ಸಿಕ್ಕರೆ ಹುಡುಗಿ ಕತ್ತು ಕೆಳಗೆ ಹಾಕುತ್ತಿದ್ದಳು, ಈಕೆಯೂ ಹಾಕುತ್ತಿದ್ದಳು. ಪುಸ್ತಕ ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ಒಂದು ಪುಟಕ್ಕೆ ಒಂದು ತಾಸು ಹಿಡಿಯುತ್ತಿತ್ತು.

ಇನ್ನೇನು ಕೊನೆಯ ಪರೀಕ್ಷೆಗೆ ಮೂರು ತಿಂಗಳಿದೆ ಎನ್ನುವಾಗ, ಎರಡು ಸಾವಿರದ ಫೆಬ್ರುವರಿಯಲ್ಲಿ, ಒಂದು ಮಧ್ಯಾಹ್ನ ಅನ್ನಪೂರ್ಣಾ ಆಕೆಯ ಕೋಣೆಗೆ ಬಂದಳು. ಹಾಸ್ಟೆಲಿನಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಕಾಲೇಜಿಗೆ ಹೋಗಿದ್ದರು. ಹುಡುಗಿ ಗೋಡೆ ಹಿಡಿದುಕೊಂಡು ನಿಂತಿದ್ದಳು. ಮೈ ಸುಡುತ್ತಿತ್ತು. ಯಶೋಧಾಳಿಗೆ ಏನನ್ನೂ ಕೇಳುವ ಅವಶ್ಯಕತೆ ಇರಲಿಲ್ಲ, ಕೋಣೆಯೊಳಗೆ ಬಂದ ವಾಸನೆಯಿಂದಲೇ ತಿಳಿಯಿತು. ಬಸಿರಿಗೆ ಮೂರು ತಿಂಗಳಾಗಿತ್ತಂತೆ. ಅದಕ್ಕೆ ಕಾರಣನಾದವನು ಬೇರೆ ಕಾಲೇಜಿನವನು, ಅವನೇ ಯಾರೋ ಹೆಂಗಸಿನ ಹತ್ತಿರ ಕರೆದೊಯ್ದಿದ್ದ. ಆ ಹೆಂಗಸು ಏನೋ ಔಷಧ ಕುಡಿಸಿ, ಏನೋ ಮಾಡಿ ಕಳಿಸಿದ್ದಳು. ನಾಲ್ಕು ದಿನದಿಂದ ರಕ್ತ ನಿಂತಿರಲಿಲ್ಲ. ಅವನು ಊರು ಬಿಟ್ಟಿದ್ದ.

ದವಾಖಾನೆ ಬೇಡ, ಮನೆಗೆ ಗೊತ್ತಾಗುತ್ತದೆ, ನೀವೇ ಏನಾದರೂ ಮಾಡಿ ಎಂದು ಹುಡುಗಿ ಕಾಲು ಹಿಡಿದುಕೊಂಡಳು.

"ಇದು ನನ್ನ ಕೈಯಾಗ ಆಗೂದಲ್ಲ" ಎಂದಳು ಯಶೋಧಾ. "ಇಂಥಾವ್ರನ್ನ ಹಳ್ಳ್ಯಾಗ ನಾ ನೋಡೇನಿ. ಇವತ್ತ ಹೋಗಲಿಲ್ಲಂದ್ರ ನಾಳಿ ಸಂಜಿತನಕ ನೀ ಇರಂಗಿಲ್ಲ. ಏಳು."

ಸೀರೆಯೊಂದನ್ನು ಮಡಿಚಿ ಕಟ್ಟಿ, ಆಟೋ ಕರೆದು, ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಚೀಟಿ ಮಾಡುವವನು ಸಾಲಿನಲ್ಲಿ ನಿಲ್ಲಿ ಎಂದ. ಹುಡುಗಿಗೆ ಎಚ್ಚರ ತಪ್ಪುತ್ತಿತ್ತು. ತಾನು ಯಾರೋ ಒಬ್ಬ ಹೆಂಗಸು ಎಂದರೆ ಇವರು ಕೇಳುವುದಿಲ್ಲ ಎಂದು ಯಶೋಧಾ, ನಾನು ಸರಕಾರಿ ನರ್ಸ್, ಈಗಲೇ ಒಳಗೆ ಹಾಕಿ, ನಂಜೇರಿದೆ ಎಂದು ಗಟ್ಟಿಯಾಗಿ ಹೇಳಿದಳು. ಹಾಗೆ ಹೇಳಿದ್ದಕ್ಕೆ ತಕ್ಷಣ ಒಳಗೆ ತೆಗೆದುಕೊಂಡರು. ಕರೆತಂದವರು ಯಾರು ಎಂಬ ಕಾಗದದಲ್ಲಿ ತನ್ನ ಹೆಸರು ಬರೆದು, ಕೆಳಗೆ ನರ್ಸ್, ಆರೋಗ್ಯ ಇಲಾಖೆ ಎಂದೂ ಬರೆದು ಸಹಿ ಮಾಡಿದಳು.

ಹುಡುಗಿ ಉಳಿದಳು. ಅರ್ಧ ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಅಲ್ಲಿಯ ವೈದ್ಯೆಯೇ ಹೇಳಿದರಂತೆ. ಎರಡು ದಿನ ಯಶೋಧಾ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದಳು. ಮೂರನೆಯ ದಿನ ಬೈಲಹೊಂಗಲದಿಂದ ತಾಯಿ ತಂದೆ ಬಂದರು. ಸಿದ್ದಲಿಂಗವ್ವ ಈಕೆಯ ಮುಖ ನೋಡದೆ ಒಳಗೆ ಹೋದಳು. ಇಂಥ ಪ್ರಕರಣ ಬಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸಿದ್ದರು. ಹುಡುಗಿಯ ಹೇಳಿಕೆ ತೆಗೆದುಕೊಂಡಾಗ ತಾಯಿ ತಲೆದೆಸೆಯಲ್ಲಿ ಕೂತಿದ್ದಳು. ಯಾರು ಮಾಡಿದರು ಎಂಬ ಪ್ರಶ್ನೆಗೆ ಹುಡುಗಿ, ಕೋಣೆಯಲ್ಲಿದ್ದ ನರ್ಸ್ ಅಕ್ಕ ಎಂದಳು.

ಯಶೋಧಾ ಅದನ್ನು ತಿಳಿದದ್ದು ಠಾಣೆಯಲ್ಲಿ. ಆಸ್ಪತ್ರೆಯ ಆ ಕಾಗದವನ್ನು ಮುಂದಿಟ್ಟು, ಇದು ನಿನ್ನ ಸಹಿಯೇ ಎಂದು ಕೇಳಿದರು. ಹೌದು ಎಂದಳು. ನರ್ಸ್ ಎಂದು ಬರೆದವಳು ನೀನೇ ತಾನೇ ಎಂದರು. ಅದಕ್ಕೂ ಹೌದು ಎಂದಳು. ಒಂಬತ್ತು ದಿನ ಒಳಗಿಟ್ಟರು. ಜಾಮೀನು ಕೊಡಲು ಆ ಊರಿನಲ್ಲಿ ಆಕೆಗೆ ಯಾರೂ ಇರಲಿಲ್ಲ. ಕೊನೆಗೆ ಆ ಮೀನುಗಾರರ ಕೇರಿಯ ಹೆಂಗಸರು ತಮ್ಮ ಗಂಡಂದಿರನ್ನು ಕರೆತಂದು ನಿಲ್ಲಿಸಿದರು. ಕಾಲೇಜಿನವರು, ಕೇಸು ಮುಗಿಯುವವರೆಗೆ ಬರುವುದು ಬೇಡ ಎಂದು ಪತ್ರ ಕೊಟ್ಟರು. ಪರೀಕ್ಷೆಗೆ ಹತ್ತು ವಾರ ಉಳಿದಿತ್ತು.

ಸರಕಾರಿ ನೌಕರರು ನಲವತ್ತೆಂಟು ತಾಸಿಗಿಂತ ಹೆಚ್ಚು ಬಂಧನದಲ್ಲಿದ್ದರೆ ತಾನಾಗಿಯೇ ಅಮಾನತು. ಆ ಆದೇಶವನ್ನು ಟೈಪ್ ಮಾಡಿದವನು ನಾನು. ನಿಯಮದ ಪ್ರಕಾರ ಮಾಡಲೇಬೇಕಿತ್ತು ಎಂದು ಅಂದೂ ಅಂದುಕೊಂಡೆ, ಈಗಲೂ ಅನ್ನುತ್ತೇನೆ. ಆದರೆ ನಾನು ಆಕೆಯನ್ನು ಇಪ್ಪತ್ತು ವರ್ಷದಿಂದ ಬಲ್ಲೆ, ಆಕೆ ಅಂಥದ್ದು ಮಾಡುವವಳಲ್ಲ ಎಂದು ಕಚೇರಿಯಲ್ಲಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಇಂಥ ಜನ ಓದಿದರೆ ಹೀಗೇ ಎಂದು ಸಾಹೇಬರು ಅಂದಾಗಲೂ ನಾನು ಟೈಪ್ ಮಾಡುತ್ತಲೇ ಇದ್ದೆ.

ಉಪಕೇಂದ್ರದ ಮನೆ ಬಿಡಬೇಕಾಯಿತು. ಅಮಾನತಿನಲ್ಲಿದ್ದವರು ಕಚೇರಿ ಇರುವ ಊರಲ್ಲೇ ಇರಬೇಕೆಂಬ ಕಟ್ಟಳೆ. ಸವದತ್ತಿಯಲ್ಲಿ ಬಾಡಿಗೆಗೆ ಮನೆ ಸಿಗುವುದು ಕಷ್ಟವಾಯಿತು, ಸುದ್ದಿ ಆಕೆಗಿಂತ ಮೊದಲೇ ಬಂದಿತ್ತು. ಪೇಟೆಯ ಹಿಂದೆ ತಗಡು ಹೊದಿಸಿದ ಒಂದು ಪತ್ರಾಸಿನ ಕೋಣೆ ಹಿಡಿದು ತಾಯಿಯನ್ನು ಕರೆಸಿಕೊಂಡಳು. ವಾರಕ್ಕೊಮ್ಮೆ ಬಂದು ನಮ್ಮ ಕಚೇರಿಯ ಪುಸ್ತಕದಲ್ಲಿ ಸಹಿ ಮಾಡಿ ಹೋಗಬೇಕಿತ್ತು. ಸಾಹೇಬರು ಇರದಿದ್ದರೆ ಹೊರಗಿನ ಬೆಂಚಿನ ಮೇಲೆ ಕೂತು ಕಾಯುತ್ತಿದ್ದಳು. ಎರಡು ವರ್ಷದಲ್ಲಿ ನಾನು ಒಂದು ಸಲವೂ ಒಳಗೆ ಬಂದು ಕುಂಡ್ರಿ ಎನ್ನಲಿಲ್ಲ. ಆಕೆ ಹೆರಿಗೆ ಮಾಡಿಸಿದ ಹೆಂಗಸರು ಸಂತೆಯಲ್ಲಿ ಆಕೆಯನ್ನು ಕಂಡು ಬೇರೆ ಅಂಗಡಿಗೆ ಹೋಗುತ್ತಿದ್ದರು. ಒಳಗೊಳಗೆ ಇದನ್ನೇ ಮಾಡುತ್ತಿದ್ದಳಂತೆ ಎಂಬ ಮಾತು ಹಬ್ಬಿತು. ಹಾಗೆಂದು ನಂಬಿ, ಒಬ್ಬಳು ಬಸಿರಾದ ತನ್ನ ಮಗಳನ್ನು ಕಟ್ಟಿಕೊಂಡು ಆ ಪತ್ರಾಸಿನ ಕೋಣೆಗೇ ಬಂದಿದ್ದಳಂತೆ. ಯಶೋಧಾ ಬಾಗಿಲು ಹಾಕಿಕೊಂಡು ಅತ್ತದ್ದು ಅದೊಂದೇ ದಿನ ಎಂದು ಸೀತವ್ವ ಆಮೇಲೆ ನನಗೆ ಹೇಳಿದಳು.

ಅನ್ನಪೂರ್ಣಾಳ ಮದುವೆ ಮರುವರ್ಷವೇ ಆಯಿತು. ಕಿತ್ತೂರಿನ ಅನುಕೂಲಸ್ಥರ ಮನೆಗೆ ಕೊಟ್ಟರು. ಕೇಸು ಮಾತ್ರ ನಡೆದೇ ಇತ್ತು. ವಾಯಿದೆ ಬಿದ್ದಾಗಲೆಲ್ಲ ಯಶೋಧಾ ಮಂಗಳೂರಿಗೆ ಹೋಗಿ, ಕೋರ್ಟಿನ ಕಟ್ಟೆಯ ಮೇಲೆ ಕೂತು, ಮುಂದಿನ ತಾರೀಖು ಬರೆಸಿಕೊಂಡು ಬರುತ್ತಿದ್ದಳು. ಆ ಹುಡುಗಿ ಒಂದು ಕಾಗದದ ಮೇಲೆ ನಿಜ ಬರೆದು ಸಹಿ ಮಾಡಿಕೊಟ್ಟರೆ ಕೇಸು ಬಿದ್ದುಹೋಗುತ್ತದೆ ಎಂದು ವಕೀಲರು ಹೇಳಿದ್ದರು.

ಎರಡು ಸಾವಿರದ ಎರಡರ ದಸರೆಯ ಮುಂದೆ ಆಕೆ ಸಹಿ ಮಾಡಲು ಬಂದ ದಿನ ನನ್ನ ಮೇಜಿನ ಹತ್ತಿರ ನಿಂತು, ಕಿತ್ತೂರಿಗೆ ನನ್ನ ಜೊತೆ ಬರುತ್ತೀರಾ ಎಂದು ಕೇಳಿದಳು.

"ನಾ ಒಬ್ಬಾಕಿನ ಹೋದ್ರ ಹೊಸ್ತಿಲಾ ದಾಟಾಕ ಬಿಡಂಗಿಲ್ಲ. ನೀವು ಅಯ್ಯನವರು. ನಿಮಗ ಬಾಗಿಲಾ ತಗೀತಾರ."

ಹೌದು, ನಾನು ಜಂಗಮರವನು. ಲಿಂಗಾಯತರ ಅಂಥ ಮನೆಗಳಲ್ಲಿ ನನಗೆ ಇಂದಿಗೂ ಕಾಲಿಗೆ ನೀರು ಕೊಡುತ್ತಾರೆ. ಯಾಕೆ ಒಪ್ಪಿದೆ ಎಂದು ಹೇಳಲಾರೆ. ಎರಡು ವರ್ಷ ಆ ಬೆಂಚನ್ನು ನೋಡಿ ನೋಡಿ ಸಾಕಾಗಿತ್ತೇನೋ. ರಜೆ ಹಾಕಿ ಹೋದೆ.

ಕಿತ್ತೂರಿನ ಆ ಮನೆಗೆ ಮುಂದೆ ದೊಡ್ಡ ಕಟ್ಟೆ, ಒಳಗೆ ಪಡಸಾಲೆ. ನಾನು ವಿಭೂತಿ ಹಚ್ಚಿಕೊಂಡು ಹೋಗಿದ್ದೆ. ಅನ್ನಪೂರ್ಣಾಳ ಅತ್ತೆ ಬಂದು ಕಾಲು ಮುಟ್ಟಿ, ಬರ್ರಿ ಅಜ್ಜಾರ, ಒಳಗ ಬರ್ರಿ ಎಂದು ಜಮಖಾನೆ ಹಾಸಿದಳು. ಯಶೋಧಾ ಕಟ್ಟೆಯ ಕೆಳಗೇ ನಿಂತಳು, ನನ್ನ ಜೊತೆ ಬಂದ ಕೆಲಸದವಳು ಎಂದುಕೊಂಡರೋ ಏನೋ, ಯಾರೂ ಕರೆಯಲಿಲ್ಲ. ಬೈಲಹೊಂಗಲದ ಮಡಿವಾಳೆಪ್ಪನವರ ಪರಿಚಯದವನು, ಈ ಕಡೆ ಬಂದಿದ್ದೆ ಎಂದೆ. ಸೊಸೆಯನ್ನು ಕರೆದರು. ಅನ್ನಪೂರ್ಣಾ ನೀರಿನ ತಂಬಿಗೆ, ಹಾಲಿನ ಲೋಟ ತಂದಳು. ಬಗಲಲ್ಲಿ ಎಂಟು ತಿಂಗಳಿನ ಹೆಣ್ಣು ಕೂಸಿತ್ತು. ಲೋಟ ಇಟ್ಟು ತಲೆ ಎತ್ತಿದವಳಿಗೆ ತೆರೆದ ಬಾಗಿಲಿನ ಆಚೆ ಯಶೋಧಾ ಕಂಡಳು.

ಅತ್ತೆ ಸೊಸೆಯ ಪಕ್ಕದಲ್ಲೇ ನಿಂತಿದ್ದಳು. ಯಶೋಧಾಳ ಚೀಲದಲ್ಲಿ ವಕೀಲರು ಬರೆದುಕೊಟ್ಟ ಕಾಗದವಿತ್ತು, ಆಕೆಯ ಕೈ ಚೀಲದ ಮೇಲೆಯೇ ಇತ್ತು.

"ಆರಾಮ ಅದಿ ಏನವಾ, ಅನ್ನಪೂರ್ಣಾ?" ಎಂದಳು ಯಶೋಧಾ.

ಯಾರು ಈಕೆ ಎಂದು ಅತ್ತೆ ಕೇಳಿದಳು.

"ಹಾಸ್ಟೆಲ್ಲಿನ್ಯಾಗ ಕೆಲಸಕ್ಕಿದ್ರು" ಎಂದಳು ಅನ್ನಪೂರ್ಣಾ. "ಬಾಂಡೆ ತಿಕ್ಕಾಕ."

ಯಶೋಧಾ ಏನಾದರೂ ಹೇಳುತ್ತಾಳೆಂದು ನಾನು ಕಾದೆ. ನಾನೇ ಹೇಳಬಹುದಿತ್ತು. ಆಕೆ ಮಾತ್ರ ಕೂಸನ್ನು ನೋಡುತ್ತ, ಲಸಿಕೆ ಎಲ್ಲ ಆಗಿವೆಯೇ ಎಂದು ಕೇಳಿದಳು. ಆಗಿವೆ ಎಂದಳು ಅತ್ತೆ. ಒಂಬತ್ತು ತಿಂಗಳಿಗೆ ದಡಾರದ್ದು ಇರುತ್ತದೆ, ಮರೆಯಬೇಡಿ ಎಂದು ಹೇಳಿ, ನಾನು ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ ಎಂದು ನನ್ನ ಕಡೆ ನೋಡಿ ಹೊರಟುಬಿಟ್ಟಳು. ನನ್ನ ಲೋಟದಲ್ಲಿ ಇನ್ನೂ ಹಾಲಿತ್ತು. ಕುಡಿಯದೆ ಎದ್ದರೆ ಮನೆಯವರಿಗೆ ಅಪಚಾರವಾಗುತ್ತದೆ ಎಂದು ಕುಡಿದು ಎದ್ದೆ.

ಬಸ್ಸು ಬೈಲಹೊಂಗಲ ದಾಟಿತು. ಆಮೇಲೆ ನಾನು ಸಿಟ್ಟಿನಿಂದಲೇ ಕೇಳಿದೆ, ಇಷ್ಟು ದೂರ ಬಂದು ಯಾಕೆ ಸುಮ್ಮನಾದಿರಿ, ಕಾಗದ ಯಾಕೆ ತೆಗೆಯಲಿಲ್ಲ ಎಂದು.

"ಅತ್ತಿ ಬಾಜೂಕ ನಿಂತಿದ್ಲಲ್ರಿ" ಎಂದಳು. "ನಾ ಕಾಗದಾ ತಗದಿದ್ರ ಆ ಹುಡುಗಿ ಈ ಹೊತ್ತಿಗೆ ಬಾವ್ಯಾಗ ಇರತಿತ್ತು. ಒಮ್ಮಿ ಬದುಕಿಸೇನಿ. ಬದುಕಿಸಿದ್ದನ್ನ ನಾನ ಹೋಗಿ ಕೊಲ್ಲಲೇನ್ರಿ?"

ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡು, "ಆಕಿಗೆ ಒಳ್ಳೇದಾಗಲಿ ಅನ್ನಾಕ ಮಾತ್ರ ನನ್ನ ಬಾಯಿ ಬರೂದಿಲ್ಲ" ಎಂದಳು. ಆ ಕಾಗದವನ್ನು ಸವದತ್ತಿ ಬರುವ ಮೊದಲೇ ಹರಿದು ಕಿಟಕಿಯಿಂದ ಬಿಟ್ಟಳು.

ಸೀತವ್ವ ಮುಂದಿನ ವರ್ಷ ಬೇಸಿಗೆಯಲ್ಲಿ ತೀರಿಕೊಂಡಳು. ತಾಯಿಯನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ವಾಯಿದೆಗೆ ಮಂಗಳೂರಿಗೆ ಹೋಗಿದ್ದ ಯಶೋಧಾ ಬರುವುದರೊಳಗೆ ಸಾಲಹಳ್ಳಿಯವರು ಮಣ್ಣು ಮಾಡಿ ಮುಗಿಸಿದ್ದರು. ಮೈ ಕೆಟ್ಟಿತ್ತು, ಇನ್ನೂ ಕಾಯುವ ಹಾಗಿರಲಿಲ್ಲ ಎಂದು ಚಿಕ್ಕಮ್ಮ ಹೇಳಿದಳಂತೆ. ನಾನು ಮಾತಾಡಿಸಲು ಹೋದಾಗ ಯಶೋಧಾ ತಾಯಿಯ ಹಾಸಿಗೆ ಒಗೆಯುತ್ತಿದ್ದಳು. ಮಗಳು ಎಂ.ಎ. ಮುಗಿಸಿಲ್ಲವೆಂಬುದನ್ನು ಸೀತವ್ವನಿಗೆ ಕೊನೆಯವರೆಗೂ ಹೇಳಿರಲಿಲ್ಲವೆಂದು ಅಂದು ತಿಳಿಯಿತು. ಪರೀಕ್ಷೆ ಬರೆದಿದ್ದೇನೆ, ಕಾಗದ ಬರುವುದು ತಡವಾಗಿದೆ ಎಂದಷ್ಟೇ ಹೇಳಿದ್ದಳಂತೆ.

ಎರಡು ಸಾವಿರದ ನಾಲ್ಕರಲ್ಲಿ ಕೇಸು ಬಿತ್ತು. ನಿಜ ಹೊರಬಂದು ಬಿದ್ದದ್ದಲ್ಲ. ಅನ್ನಪೂರ್ಣಾಳಿಗೆ ಮೂರು ಸಲ ಸಮನ್ಸ್ ಹೋಯಿತು, ಮೂರು ಸಲವೂ ವೈದ್ಯರ ಸರ್ಟಿಫಿಕೇಟು ಬಂತು, ಅವಳು ಬರಲಿಲ್ಲ. ಸಾಕ್ಷಿ ಇಲ್ಲ ಎಂದು ಬಿಟ್ಟರು. ಸಂಶಯದ ಲಾಭ ಕೊಟ್ಟು ಬಿಡಲಾಗಿದೆ ಎಂದು ತೀರ್ಪಿನಲ್ಲಿ ಬರೆದಿತ್ತು. ಆ ಸಂಶಯ ಎಂಬ ಮಾತನ್ನು ಹಿಡಿದುಕೊಂಡು ಇಲಾಖೆಯ ವಿಚಾರಣೆ ಮತ್ತೆ ಎರಡು ವರ್ಷ ನಡೆಯಿತು. ಈ ಸಲ ನಾನು ಬರೆದು ಕೊಟ್ಟೆ. ಈಕೆಯನ್ನು ಇಷ್ಟು ವರ್ಷದಿಂದ ಬಲ್ಲೆ, ನಡತೆ ಚೊಕ್ಕದ್ದು ಎಂದು ನಾಲ್ಕು ಸಾಲು. ಅದರಿಂದ ಏನಾದರೂ ಆಯಿತು ಎಂದು ನನಗೆ ಅನ್ನಿಸುವುದಿಲ್ಲ. ಅವಧಿ ಮೀರಿದೆ, ಬೇಕಾದರೆ ಮೊದಲ ವರ್ಷದಿಂದ ಮತ್ತೆ ಸೇರಬೇಕು ಎಂದು ಕಾಲೇಜಿನಿಂದ ಉತ್ತರ ಬಂದಿತ್ತು. ಆಕೆಗೆ ಆಗ ನಲವತ್ತೆಂಟು. ಅದರ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಕೆಲಸಕ್ಕೆ ಮರಳಿ ತೆಗೆದುಕೊಂಡಾಗ ರಾಮದುರ್ಗ ಕಡೆಯ ಒಂದು ಉಪಕೇಂದ್ರ ಕೊಟ್ಟರು. ಮೂರು ವರ್ಷದಿಂದ ಖಾಲಿ ಬಿದ್ದಿತ್ತು, ಹೋದವರು ಯಾರೂ ನಿಲ್ಲುತ್ತಿರಲಿಲ್ಲ. ನಾನು ನಿವೃತ್ತನಾದ ವರ್ಷ, ಎರಡು ಸಾವಿರದ ಎಂಟರಲ್ಲಿ, ಯಾವುದೋ ಮದುವೆಗೆ ಆ ಕಡೆ ಹೋದವನು ಆಕೆಯನ್ನು ಕಾಣಲು ಹೋದೆ. ಕೂದಲು ಪೂರಾ ನೆರೆತಿತ್ತು. ಚಹಾ ಮಾಡಿಕೊಟ್ಟಳು. ಇಲ್ಲಿಗೆ ಬಂದು ಆರು ವಾರ ಒಬ್ಬರೂ ಕರೆಯಲಿಲ್ಲ, ಕೇಸಿನ ಸುದ್ದಿ ಇಲ್ಲಿಗೂ ಬಂದಿತ್ತು ಎಂದಳು. ಏಳನೆಯ ವಾರ ಗೌಡರ ಓಣಿಯ ಕೆಂಪವ್ವ ಎಂಬವಳ ಸೊಸೆಗೆ ಎರಡು ದಿನದಿಂದ ಬೇನೆ ತಿಂದರೂ ಹೆರಿಗೆಯಾಗದೆ, ಹಳ್ಳ ಬಂದು ದಾರಿ ಕಟ್ಟಿ, ಬೇರೆ ಉಪಾಯವಿಲ್ಲದೆ ಕರೆದರಂತೆ. ತಾಯಿ ಮಗು ಇಬ್ಬರೂ ಉಳಿದರು.

"ನಾ ಅಂಗಳಾ ದಾಟಿ ನಾಕ ಹೆಜ್ಜಿ ಹೋಗಿದ್ದಿಲ್ಲ, ಹಿಂದ ಕೊಡಾ ಕೊಡಾ ನೀರು ಸುರವಿ ಮನಿ ತೊಳ್ಯಾಕ ಹತ್ತಿದ್ರು" ಎಂದಳು. "ಮೊದಲೆಲ್ಲಾ ನನ್ನ ಮುಂದ ತೊಳೀತಿದ್ರು. ಈಗ ಹೋಗೂತನಕ ಕಾಯ್ತಾರ."

ಆಕೆ ನಗುತ್ತಿದ್ದಾಳೆಯೇ ಎಂದು ನೋಡಿದೆ. ನಗುತ್ತಿರಲಿಲ್ಲ. ಮರುದಿನ ಏನು ಮಾಡಿದಿರಿ ಎಂದು ಕೇಳಿದೆ. ಕೂಸಿನ ತೂಕ ಮಾಡುವುದಿತ್ತು, ಹೋದೆ ಎಂದಳು. ಹೊರಗೆ ಬಸ್ಸಿನ ಸಪ್ಪಳ ಕೇಳಿ ನಾನು ಎದ್ದೆ. ಇದು ಸಾಲಹಳ್ಳಿಯದು, ನಿಮ್ಮದು ಇನ್ನೂ ಅರ್ಧ ತಾಸಿದೆ, ಕುಂಡ್ರಿ ಎಂದಳು.